ಕೆಂಪು ಅಂದ ಮಗು: ಎಲ್‌ಕೆಜಿ ಸೀಟು ಸಿಗದ ಒಂದು ಮನೆಯ ಪ್ರಕರಣ

ಮೈಸೂರಿನಲ್ಲಿ 19 ವರ್ಷದಿಂದ ಒಂದು ಚಿಕ್ಕ ಶಿಶುವಿಹಾರ ನಡೆಸುತ್ತಿದ್ದೇನೆ. ಮನೆಯ ಮುಂದಿನ ಎರಡು ಕೋಣೆ, ಹಿಂದೆ ಒಂದು ಅಂಗಳ, ಅಂಗಳದಲ್ಲಿ ಒಂದು ಸೀಬೆ ಮರ. ನಮ್ಮಲ್ಲಿ ಇರುವುದು ಮೂರರಿಂದ ನಾಲ್ಕು ವರ್ಷದ ಮಕ್ಕಳು. ಇಲ್ಲಿಂದ ಅವರು ಎಲ್‌ಕೆಜಿಗೆ ಬೇರೆ ಬೇರೆ ಶಾಲೆಗಳಿಗೆ ಹೋಗುತ್ತಾರೆ. ನವೆಂಬರ್ ಬಂತೆಂದರೆ ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರ ಮಾತೆಲ್ಲ ಅಡ್ಮಿಷನ್ ಬಗ್ಗೆಯೇ. ಸಂಕ್ರಾಂತಿ ಕಳೆಯುವ ಹೊತ್ತಿಗೆ ಕೆಲವರು ಸ್ವೀಟ್ ಡಬ್ಬ ತರುತ್ತಾರೆ. ಕೆಲವರು ಗೇಟಿನ ಹೊರಗಿಂದಲೇ ಮಗುವನ್ನು ಬಿಟ್ಟು ಹೋಗಿಬಿಡುತ್ತಾರೆ.

ಹಾಗೆ ಗೇಟಿನ ಹೊರಗೆ ನಿಂತ ಒಂದು ಮನೆಯವರ ಕಥೆ ಇದು. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಮಗುವನ್ನು ಪುಟ್ಟಿ ಅಂತ ಕರೆಯುತ್ತೇನೆ. ಅಪ್ಪ ಅಮ್ಮನ ಕೆಲಸ, ಬಡಾವಣೆ, ಶಾಲೆಗಳು, ಗುರುತು ಸಿಗುವಂಥ ಇನ್ನೂ ಕೆಲವು ಸಂಗತಿಗಳನ್ನು ಬದಲಿಸಿದ್ದೇನೆ ಅಥವಾ ಬಿಟ್ಟಿದ್ದೇನೆ. ಇದರಲ್ಲಿ ನನ್ನ ತಪ್ಪೂ ಒಂದಿದೆ. ಅದನ್ನು ಮಾತ್ರ ಇದ್ದ ಹಾಗೆಯೇ ಬರೆದಿದ್ದೇನೆ.

ಮಗು ಮತ್ತು ಮನೆ

ಪುಟ್ಟಿ ಹುಟ್ಟಿದ್ದು 2020ರ ಮೇ ಕೊನೆಯ ವಾರ. ಲಾಕ್‌ಡೌನ್ ಶುರುವಾಗಿ ಎರಡು ತಿಂಗಳಾಗಿತ್ತು. ನಾಮಕರಣಕ್ಕೆ ಮನೆಯವರು ಬಿಟ್ಟರೆ ಇನ್ಯಾರೂ ಇರಲಿಲ್ಲವಂತೆ. ಮೊದಲ ಎರಡು ವರ್ಷ ಅವಳು ಹತ್ತಿರದಿಂದ ನೋಡಿದ್ದು ನಾಲ್ಕೈದು ಮುಖ. ಹೊರಗಿನವರು ಅಂದರೆ ಮಾಸ್ಕ್ ಮೇಲಿನ ಎರಡು ಕಣ್ಣು. ಆ ವರ್ಷ ಹುಟ್ಟಿದ ಎಷ್ಟೋ ಮಕ್ಕಳು ನಮ್ಮಲ್ಲಿಗೆ ಬಂದಾಗ ಅಪರಿಚಿತರನ್ನು ಕಂಡರೆ ಅಮ್ಮನ ಸೆರಗು ಬಿಡುತ್ತಿರಲಿಲ್ಲ.

2023ರ ಜೂನ್‌ನಲ್ಲಿ ಬಂದ ಪುಟ್ಟಿ ಮೊದಲ ಮೂರು ವಾರ ಒಂದು ಮಾತೂ ಆಡಲಿಲ್ಲ. ನಾಲ್ಕನೇ ವಾರ ಸೀಬೆ ಮರದ ಬುಡದಲ್ಲಿ ಇರುವೆ ಸಾಲು ನೋಡುತ್ತ ಕೂತಿದ್ದವಳು, "ಮಿಸ್, ಇವೆಲ್ಲ ಯಾರ ಮನೆಗೆ ಊಟಕ್ಕೆ ಹೋಗ್ತಿದಾವೆ?" ಅಂದಳು. ಅಲ್ಲಿಂದ ಮಾತು ನಿಲ್ಲಲೇ ಇಲ್ಲ. ಅಜ್ಜಿಯ ಜೊತೆ ಅವರೆಕಾಳು ಹಿಸುಕಿದ್ದು, ಸಿಪ್ಪೆ ಚಿಮ್ಮಿ ತಾತನ ಫೋಟೋಕ್ಕೆ ಬಿದ್ದದ್ದು, ಎಲ್ಲ ವರದಿ ಬರುತ್ತಿತ್ತು. ಎಲ್ಲವೂ ಕನ್ನಡದಲ್ಲಿ. ಮನೆಯಲ್ಲಿ ಆಡುವ ಭಾಷೆ ಅದೊಂದೇ.

ಅಪ್ಪ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಾರೆ. ಅಮ್ಮ ಪಿಯು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅಪ್ಪನ ಅಣ್ಣನ ಮಗ ಊರಿನ ಹೆಸರುವಾಸಿ ಖಾಸಗಿ ಶಾಲೆಯೊಂದರಲ್ಲಿ 2ನೇ ತರಗತಿ ಓದುತ್ತಿದ್ದ. ಪುಟ್ಟಿಯೂ ಅಲ್ಲಿಗೇ ಹೋಗುತ್ತಾಳೆ ಅಂತ ಅವಳು ಹುಟ್ಟಿದಾಗಲೇ ಎರಡೂ ಮನೆಯವರು ಮಾತಾಡಿಕೊಂಡಿದ್ದರು. ಅಣ್ಣನ ಜೊತೆ ಒಂದೇ ವ್ಯಾನಿನಲ್ಲಿ ಹೋಗಿ ಬರಬಹುದು. ಒಮ್ಮೆ ಸೇರಿದರೆ 10ನೇ ತರಗತಿವರೆಗೆ ಚಿಂತೆ ಇಲ್ಲ.

ಇದರ ಹಿಂದೆ ಇನ್ನೊಂದು ಕಾರಣ ಇತ್ತು. ಅದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಅಪ್ಪ ಓದಿದ್ದು ಹಳ್ಳಿಯ ಕನ್ನಡ ಶಾಲೆಯಲ್ಲಿ. ಡಿಗ್ರಿ ಮುಗಿಸಿ ಮೊದಲ ಕೆಲಸದ ಇಂಟರ್‌ವ್ಯೂಗೆ ಹೋದಾಗ ಇಂಗ್ಲಿಷ್‌ನಲ್ಲಿ ಕೇಳಿದ ಪ್ರಶ್ನೆ ಅರ್ಥವಾಗಿಯೂ ಉತ್ತರ ಬಾಯಿಗೆ ಬಂದಿರಲಿಲ್ಲ. ಎದುರಿಗೆ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. "ಆ ಒಂದು ನಿಮಿಷ ನನಗೆ ಈಗಲೂ ಕನಸಿನಲ್ಲಿ ಬರುತ್ತೆ ಮಿಸ್" ಅಂತ ಅವರೇ ಒಂದು ದಿನ ಹೇಳಿದರು.

ಇಂಟರಾಕ್ಷನ್

ನವೆಂಬರ್‌ನಲ್ಲಿ ಅರ್ಜಿ ಹಾಕಿದರು. ಮಗುವಿಗೆ ಪರೀಕ್ಷೆ ಇಲ್ಲ, ಬರೀ ಇಂಟರಾಕ್ಷನ್ ಅಂತ ಶಾಲೆಯವರು ಹೇಳಿದ್ದರು. ಆದರೂ ಏನು ಕೇಳುತ್ತಾರೆ ಅಂತ ಎಲ್ಲರಿಗೂ ಗೊತ್ತು. ಅಮ್ಮ ನನ್ನನ್ನು ಕೇಳಿದರು. ನಾನು 20 ಪ್ರಶ್ನೆ ಬರೆದ ಒಂದು ಹಾಳೆ ಕೊಟ್ಟೆ. ಹೆಸರು, ಅಪ್ಪನ ಹೆಸರು, ಐದು ಬಣ್ಣ, ಐದು ಹಣ್ಣು, ಒಂದು ರೈಮ್, ಎಲ್ಲ ಇಂಗ್ಲಿಷ್‌ನಲ್ಲಿ. ದಿನಕ್ಕೆ ಹತ್ತು ನಿಮಿಷ ಆಟದ ಹಾಗೆ ಕೇಳಿ ಅಂದಿದ್ದೆ. ಆ ಹಾಳೆಯ ಜೆರಾಕ್ಸ್ ಎಷ್ಟೋ ವರ್ಷದಿಂದ ನನ್ನ ಕಪಾಟಿನಲ್ಲಿತ್ತು. ಪ್ರತಿ ವರ್ಷ ಕೇಳಿದವರಿಗೆಲ್ಲ ಕೊಡುತ್ತಿದ್ದೆ. ಅದೇ ನನ್ನ ತಪ್ಪು. ಮನೆಗೆ ಹೋದ ಮೇಲೆ ಹತ್ತು ನಿಮಿಷ ಹತ್ತೇ ನಿಮಿಷವಾಗಿ ಉಳಿಯುವುದಿಲ್ಲ. ಪುಟ್ಟಿಯ ಮನೆಯಲ್ಲಿ ಊಟಕ್ಕೆ ಕೂತಾಗ, ಸ್ನಾನ ಮಾಡಿಸುವಾಗ, ಮಲಗುವ ಮುಂಚೆ, ಯಾವಾಗಲೂ ಪ್ರಶ್ನೆ ನಡೆಯುತ್ತಿತ್ತು.

ಡಿಸೆಂಬರಿನ ಎರಡನೇ ಶನಿವಾರ ಕರೆದರು. ಒಂದೂವರೆ ಗಂಟೆ ಹೊರಗೆ ಕಾಯಿಸಿದರು. ಅವಳ ನಿದ್ದೆಯ ಹೊತ್ತು ಅದು. ಒಳಗೆ ಮೂರು ಜನ ಮೇಡಂಗಳು. ಹೆಸರು ಕೇಳಿದರು, ಮೆಲ್ಲಗೆ ಹೇಳಿದಳು. ಒಂದು ಚೆಂಡು ತೋರಿಸಿ ಯಾವ ಬಣ್ಣ ಅಂತ ಇಂಗ್ಲಿಷ್‌ನಲ್ಲಿ ಕೇಳಿದರು.

"ಕೆಂಪು" ಅಂದಳು.

ಇಂಗ್ಲಿಷ್‌ನಲ್ಲಿ ಹೇಳು ಅಂದರು. ಪುಟ್ಟಿ ಅಮ್ಮನ ಕಡೆ ನೋಡಿದಳು. ಅಮ್ಮ ತುಟಿ ಅಲ್ಲಾಡಿಸಿದರು. "ಹೇಳಿಕೊಡಬೇಡಿ" ಅಂತ ಅವರು ತಡೆದರು. ಅದಾದ ಮೇಲೆ ಅವಳು ಬಾಯಿ ಬಿಡಲಿಲ್ಲ. ತಲೆ ತಗ್ಗಿಸಿ ಫ್ರಾಕಿನ ಗುಂಡಿ ತಿರುಗಿಸುತ್ತ ಕೂತಳು. ಉಳಿದ ಹೊತ್ತು ಅಪ್ಪ ಅಮ್ಮನ ಓದು, ಕೆಲಸ, ಮನೆಯಲ್ಲಿ ಹೋಮ್‌ವರ್ಕ್ ಯಾರು ಮಾಡಿಸುತ್ತಾರೆ ಅಂತ ವಿಚಾರಿಸಿದರು. ಒಟ್ಟು ಏಳೆಂಟು ನಿಮಿಷ.

ಸಂಕ್ರಾಂತಿ ಆದ ಎರಡು ದಿನಕ್ಕೆ ನೋಟಿಸ್ ಬೋರ್ಡಿನಲ್ಲಿ ಅರ್ಜಿ ನಂಬರುಗಳ ಪಟ್ಟಿ ಹಾಕಿದರು. ಅಮ್ಮ ಮೂರು ಸಲ ಮೇಲಿಂದ ಕೆಳಗೆ ನೋಡಿದರು. ನಂಬರು ಇರಲಿಲ್ಲ. ಕಾರಣ ಬರೆದಿರಲಿಲ್ಲ. ಆಫೀಸಿನಲ್ಲಿ ಕೇಳಿದರೆ "ಸೀಟು ಭರ್ತಿಯಾಗಿದೆ" ಅಂದರು.

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ತಡೆಯಲಾಗದೆ ಕೇಳಿಬಿಟ್ಟರು: "ರೆಡ್ ಅಂತ ಗೊತ್ತಿತ್ತಲ್ವಾ ನಿಂಗೆ? ಯಾಕೆ ಹೇಳಲಿಲ್ಲ?" ಪುಟ್ಟಿ ತುತ್ತು ಬಾಯಲ್ಲಿಟ್ಟುಕೊಂಡು ಹಾಗೇ ಕೂತಳು. ಅಜ್ಜಿ ಮಾತ್ರ, "ಕೆಂಪನ್ನ ಕೆಂಪು ಅಂದಿದೆ ಮಗು. ಅದರಲ್ಲಿ ತಪ್ಪೇನಿದೆ?" ಅಂದರು. ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ.

ಮೊದಲ ಒಂದು ತಿಂಗಳು

ಆಮೇಲಿನ ನಾಲ್ಕು ವಾರದಲ್ಲಿ ಆ ಮನೆಯಲ್ಲಿ ನಡೆದದ್ದೆಲ್ಲ ನಾನು ಬೇರೆ ಮನೆಗಳಲ್ಲೂ ನೋಡಿದ್ದೇ. ನೊಂದವರು ಸುಮ್ಮನೆ ಕೂರಲಾರರು, ಏನಾದರೂ ಮಾಡಬೇಕು ಅನ್ನಿಸುತ್ತದೆ.

ಮೊದಲು ಶಿಫಾರಸು. ಅಪ್ಪನ ಪರಿಚಯದವರೊಬ್ಬರು ಒಬ್ಬ ಜನಪ್ರತಿನಿಧಿಯಿಂದ ಪತ್ರ ತಂದುಕೊಟ್ಟರು. ಶಾಲೆಯವರು ಪತ್ರ ತೆಗೆದುಕೊಂಡರು, "ನೋಡ್ತೀವಿ" ಅಂದರು, ಮತ್ತೆ ಕರೆಯಲಿಲ್ಲ. ಆಮೇಲೆ ಒಬ್ಬ ಮಧ್ಯವರ್ತಿ ಸಿಕ್ಕಿದ. ಒಂದು ಮೊತ್ತ ಹೇಳಿದ. ಅಮ್ಮನ ಬಳೆ ಅಡ ಇಡುವ ಮಾತು ಬಂತು. ಅಜ್ಜಿ ಎರಡು ದಿನ ಊಟ ಬಿಟ್ಟರು. ಆ ಮಾತು ಅಲ್ಲಿಗೆ ನಿಂತಿತು.

ಜೊತೆಗೆ ಮನೆಯಲ್ಲಿ ಪಾಠ ಜೋರಾಯಿತು. ಪುಟ್ಟಿಯ ಜೊತೆ ಇಂಗ್ಲಿಷ್‌ನಲ್ಲೇ ಮಾತಾಡಬೇಕು ಅಂತ ಅಪ್ಪ ನಿಯಮ ಮಾಡಿದರು. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಹಾಗಾಗಿ ಅವರು ಮೊಮ್ಮಗಳ ಜೊತೆ ಮಾತಾಡುವುದನ್ನೇ ಕಡಿಮೆ ಮಾಡಿದರು. ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಬೇಸರ ತಂದ ಸಂಗತಿ ಇದೇ. ಮಗುವಿನ ಕಥೆ, ಹಾಡು, ಜಗಳ ಎಲ್ಲ ನಡೆಯುತ್ತಿದ್ದ ಭಾಷೆಗೇ ಬೀಗ ಬಿತ್ತು.

ಫೆಬ್ರವರಿಯಲ್ಲಿ ಇನ್ನೊಂದು ಶಾಲೆಗೆ ಇಂಟರಾಕ್ಷನ್‌ಗೆ ಕರೆದುಕೊಂಡು ಹೋದರು. ಗೇಟಿನಲ್ಲೇ ಅತ್ತಳು. ಒಳಗೆ ಕುರ್ಚಿಯ ಮೇಲೆ ಕೂರಿಸಿದಾಗ ಚಡ್ಡಿ ಒದ್ದೆ ಮಾಡಿಕೊಂಡಳು. ಎರಡು ವರ್ಷದ ಹಿಂದೆಯೇ ಆ ಅಭ್ಯಾಸ ಬಿಟ್ಟಿದ್ದ ಮಗು ಅದು. ಅಲ್ಲಿಯೂ ಸೀಟು ಸಿಗಲಿಲ್ಲ.

ಈ ನಡುವೆ ದೊಡ್ಡಮ್ಮ ಫೋನ್ ಮಾಡಿ ಸಮಾಧಾನ ಹೇಳಿದರು. "ನಮ್ಮವನು ಚೆನ್ನಾಗಿ ಮಾತಾಡ್ತಿದ್ದ, ಅದಕ್ಕೇ ಸಿಕ್ತು" ಅಂದರು. ಅವರಿಗೆ ನೋಯಿಸುವ ಉದ್ದೇಶ ಇರಲಿಲ್ಲ ಅಂತ ಅಮ್ಮನಿಗೂ ಗೊತ್ತಿತ್ತು. ಆದರೂ ಆ ಮನೆಗೆ ಹೋಗುವುದನ್ನು ಬಿಟ್ಟರು. ಶಿಶುವಿಹಾರದ ಅಮ್ಮಂದಿರ ವಾಟ್ಸಾಪ್ ಗುಂಪಿನಿಂದಲೂ ಹೊರಗೆ ಹೋದರು.

ಗೊಂಬೆಗಳ ಸಾಲು

ಇಷ್ಟಾದರೂ ಪುಟ್ಟಿಗೆ ಏನೂ ಅರ್ಥವಾಗಿಲ್ಲ ಅಂತಲೇ ಮನೆಯವರು ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಫೆಬ್ರವರಿ ಕೊನೆಯ ಒಂದು ಬೆಳಿಗ್ಗೆ ಆಟದ ಮೂಲೆಯಲ್ಲಿ ಅವಳು ಗೊಂಬೆಗಳನ್ನು ಸಾಲಾಗಿ ಕೂರಿಸುತ್ತಿದ್ದಳು. ಕರಡಿ, ಆನೆ, ಕೈ ಮುರಿದ ಒಂದು ಬೊಂಬೆ. ಒಂದೊಂದನ್ನೇ ಎತ್ತಿ ಎದುರಿಗಿಟ್ಟುಕೊಂಡು "ವಾಟ್ ಈಸ್ ಯುವರ್ ನೇಮ್?" ಅಂತ ಕೇಳಿದಳು. ಗೊಂಬೆ ಸುಮ್ಮನಿತ್ತು. "ನೀನು ಬೇಡ" ಅಂದಳು. ಅದನ್ನು ಹಿಂದಕ್ಕೆ ಎಸೆದಳು. ಹೀಗೆ ಎಲ್ಲವನ್ನೂ ಎಸೆದ ಮೇಲೆ ಖಾಲಿ ಜಾಗದಲ್ಲಿ ತಾನೇ ಹೋಗಿ ಕೂತಳು. ತುಂಬ ಹೊತ್ತು ಕೂತಿದ್ದಳು.

ನಾನು ಹತ್ತಿರ ಹೋಗಿ ನೆಲದ ಮೇಲೆ ಕೂತೆ. ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳೇ, "ಮಿಸ್, ನಾನು ಕೆಂಪು ಅಂದೆ. ಅದಕ್ಕೆ ಅಮ್ಮ ಅಳ್ತಾಳೆ" ಅಂದಳು.

ಆ ಸಂಜೆ ನಾನೇ ಅವರ ಮನೆಗೆ ಹೋದೆ. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ನನ್ನ ಹಾಳೆಯ ಬಗ್ಗೆಯೂ ಹೇಳಿದೆ, ಕ್ಷಮೆ ಕೇಳಿದೆ. ಅಮ್ಮ ಅತ್ತರು. ಅಪ್ಪ ಎದ್ದು ಹೊರಗೆ ಹೋದವರು ಅರ್ಧ ಗಂಟೆ ಬಿಟ್ಟು ಬಂದರು. ಆಗಲೇ ತಮ್ಮ ಇಂಟರ್‌ವ್ಯೂ ಕಥೆ ಹೇಳಿದ್ದು. ನಾನು ಅವರನ್ನು ಒಂದೇ ಮಾತು ಕೇಳಿದೆ: "ಅವತ್ತು ಉತ್ತರ ಬಾರದೆ ಕೂತಿದ್ದಾಗ ನಿಮ್ಮ ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ, ಅವರು ಏನು ಮಾಡಬೇಕಿತ್ತು ಅನ್ಸುತ್ತೆ?" ಅವರು ಉತ್ತರ ಹೇಳಲಿಲ್ಲ. ಒಳಗೆ ಹೋಗಿ ಮಲಗಿದ್ದ ಮಗುವಿನ ಪಕ್ಕ ಕೂತರು.

ಆ ರಾತ್ರಿ ಮೂರು ತೀರ್ಮಾನ ಆಯಿತು. ಇನ್ನು ಯಾವ ಇಂಟರಾಕ್ಷನ್‌ಗೂ ಪುಟ್ಟಿಯನ್ನು ಕರೆದೊಯ್ಯುವುದಿಲ್ಲ. ಮನೆಯಲ್ಲಿ ಮತ್ತೆ ಕನ್ನಡ. ಎರಡು ವಾರ ಶಾಲೆಯ ಮಾತನ್ನು ಯಾರೂ ಎತ್ತುವುದಿಲ್ಲ, ನೆಂಟರಿಗೂ ಹಾಗೇ ಹೇಳುವುದು. ಕೊನೆಯದು ಕಷ್ಟವಾಯಿತು, ಎರಡು ಸಲ ಮುರಿಯಿತು. ಆದರೂ ಅದರಿಂದ ಮನೆಗೆ ಉಸಿರಾಡಲು ಜಾಗ ಸಿಕ್ಕಿತು.

ಮಗುವಿಗೆ ಹೇಳಿದ್ದು

ಮಕ್ಕಳಿಗೆ ಸತ್ಯ ಹೇಳಬೇಕಾ ಬೇಡವಾ ಅಂತ ತುಂಬ ಜನ ನನ್ನನ್ನು ಕೇಳುತ್ತಾರೆ. ಆಗಲೇ ಏನೋ ಅರ್ಥ ಮಾಡಿಕೊಂಡಿರುವ ಮಗುವಿಗೆ ನಾವು ಹೇಳದೆ ಉಳಿದರೆ, ಅದು ತನಗೆ ತಿಳಿದ ಹಾಗೆ ಕಾರಣ ಕಟ್ಟಿಕೊಳ್ಳುತ್ತದೆ. ಈ ವಯಸ್ಸಿನಲ್ಲಿ ಆ ಕಾರಣ ಯಾವಾಗಲೂ "ನಾನು" ಅಂತಲೇ ಇರುತ್ತದೆ. ಪುಟ್ಟಿಗೆ ಹೇಳಬೇಕಾದ ಮಾತನ್ನು ನಾವು ಮೂರೂ ಜನ ಕೂತು ಯೋಚಿಸಿದೆವು. ಅಪ್ಪನೇ ಹೇಳಬೇಕು ಅಂತ ನಾನು ಒತ್ತಾಯಿಸಿದೆ, ಯಾಕೆಂದರೆ ಊಟದ ಹೊತ್ತಿನ ಆ ಪ್ರಶ್ನೆ ಅವರದಾಗಿತ್ತು.

ಮಾರನೇ ಭಾನುವಾರ ತಲೆಗೆ ಎಣ್ಣೆ ಹಚ್ಚುತ್ತ ಅವರು ಹೇಳಿದರು: "ಪುಟ್ಟಿ, ಆ ಸ್ಕೂಲಲ್ಲಿ ಜಾಗ ಕಡಿಮೆ ಇತ್ತು, ತುಂಬ ಮಕ್ಕಳು ಬಂದಿದ್ರು. ನೀನು ಹೇಳಿದ್ದು ಸರಿ. ಕೆಂಪು ಕೆಂಪೇ. ಅಪ್ಪ ಸಿಟ್ಟು ಮಾಡ್ಕೊಂಡಿದ್ದು ತಪ್ಪು. ಅಮ್ಮ ಅತ್ತಿದ್ದು ನಿನ್ನಿಂದ ಅಲ್ಲ. ನಿಂಗೆ ಅಂತ ಬೇರೆ ಸ್ಕೂಲು ನಾವು ಹುಡುಕ್ತೀವಿ."

ಅವಳು ಸ್ವಲ್ಪ ಯೋಚಿಸಿ, "ಆ ಮೇಡಂಗೆ ಕೆಂಪು ಗೊತ್ತಿಲ್ವಾ?" ಅಂದಳಂತೆ. "ಗೊತ್ತು, ಅವರಿಗೆ ಬೇರೆ ಹೆಸರು ಬೇಕಿತ್ತು" ಅಂದರು ಅಪ್ಪ. ಅಷ್ಟಕ್ಕೆ ಅವಳಿಗೆ ಸಾಕಾಯಿತು. ಆಮೇಲೂ ಹತ್ತಾರು ದಿನ ಗೊಂಬೆಗಳ ಆಟ ನಡೆಯಿತು. ಎಸೆಯುವುದು ಮಾತ್ರ ನಿಧಾನವಾಗಿ ಕಡಿಮೆಯಾಯಿತು. ಮಾರ್ಚ್ ಮಧ್ಯದ ಹೊತ್ತಿಗೆ ಗೊಂಬೆಗಳಿಗೆ ಅವರೆಕಾಳು ಸಾರು ಬಡಿಸುತ್ತಿದ್ದಳು.

ವಯಸ್ಸಿನ ಲೆಕ್ಕ, ಕಿವಿಯ ಪರೀಕ್ಷೆ, ಕಾನೂನು

ಒಂದು ಸರಳ ಲೆಕ್ಕವನ್ನು ಮೊದಲೇ ಹಾಕಿದ್ದರೆ ಅರ್ಧ ನೋವು ಕಡಿಮೆಯಾಗುತ್ತಿತ್ತು. ಜೂನ್ 1ಕ್ಕೆ 4 ವರ್ಷ ತುಂಬಿರಬೇಕು ಅಂತ ಲೆಕ್ಕ ಇಟ್ಟರೆ, ಮೇ ಕೊನೆಗೆ ಹುಟ್ಟಿದ ಪುಟ್ಟಿ ಅದೇ ಬ್ಯಾಚಿನ ಅತಿ ಚಿಕ್ಕ ಮಗು. ಇಂಟರಾಕ್ಷನ್ ದಿನ ಅವಳಿಗೆ ಮೂರೂವರೆ ವರ್ಷ. ಹಿಂದಿನ ವರ್ಷ ಜೂನ್‌ನಲ್ಲಿ ಹುಟ್ಟಿದ ಮಗುವಿಗೆ ಅದೇ ದಿನ ನಾಲ್ಕೂವರೆ. ದೊಡ್ಡವರಿಗೆ ಒಂದು ವರ್ಷ ಅಂದರೆ ಏನೂ ಅಲ್ಲ. ಮೂರೂವರೆ ವರ್ಷದವರಿಗೆ ಅದು ಬದುಕಿನ ಕಾಲು ಭಾಗಕ್ಕಿಂತ ಜಾಸ್ತಿ. ಇಬ್ಬರನ್ನೂ ಒಂದೇ ಕುರ್ಚಿಯಲ್ಲಿ ಕೂರಿಸಿ ಒಂದೇ ಪ್ರಶ್ನೆ ಕೇಳಿದರೆ ಯಾರ ಬಾಯಿಂದ ಉತ್ತರ ಬರುತ್ತದೆ ಅಂತ ಹೇಳಲು ಅನುಭವವೂ ಬೇಕಿಲ್ಲ.

ಅಮ್ಮನ ಮನಸ್ಸಿನಲ್ಲಿ ಒಂದು ಹೆದರಿಕೆ ಕೂತಿತ್ತು. ಮಗುವಿಗೆ ನಿಜವಾಗಿ ಮಾತಿನ ತೊಂದರೆ ಇದ್ದರೆ? ನನಗೆ ಆ ಅನುಮಾನ ಇರಲಿಲ್ಲ. ನಾಲ್ಕೈದು ಪದದ ವಾಕ್ಯ ಸಲೀಸಾಗಿ ಆಡುತ್ತಿದ್ದಳು, ಹೊಸಬರಿಗೂ ಅವಳ ಮಾತು ತಿಳಿಯುತ್ತಿತ್ತು. ಆದರೆ ತಾಯಿಯ ಹೆದರಿಕೆಯನ್ನು ಬರೀ ಧೈರ್ಯದ ಮಾತಿನಿಂದ ತಳ್ಳಬಾರದು. ಮೈಸೂರಿನವರಿಗೆ ಒಂದು ಅನುಕೂಲ ಇದೆ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು. ಅಲ್ಲಿಗೆ ಹೋದರು. ಸದ್ದು ಕೇಳಿದಾಗಲೆಲ್ಲ ಡಬ್ಬಿಗೆ ಒಂದು ಮಣಿ ಹಾಕುವ ಆಟದ ಹಾಗೆ ಕಿವಿ ಪರೀಕ್ಷೆ ಮಾಡಿದರು. ಪುಟ್ಟಿ ಖುಷಿಯಿಂದ ಆಡಿದಳು. ಕಿವಿ ಸರಿ, ಮಾತು ವಯಸ್ಸಿಗೆ ತಕ್ಕ ಹಾಗಿದೆ, ಹೊಸ ಜಾಗ ಹೊಸ ಭಾಷೆಯಲ್ಲಿ ಸ್ವಲ್ಪ ಕಾಲ ಸುಮ್ಮನಿರುವ ಮಕ್ಕಳು ತುಂಬ ಇದ್ದಾರೆ ಅಂತ ಹೇಳಿ ಕಳಿಸಿದರು. ಶಾಲೆಗೆ ಸೇರಿ ಮೊದಲ ತಿಂಗಳು ಕಳೆದ ಮೇಲೂ ಒಂದು ತಿಂಗಳಿಗಿಂತ ಜಾಸ್ತಿ ಅಲ್ಲಿ ಬಾಯೇ ಬಿಡದಿದ್ದರೆ ಮತ್ತೆ ತೋರಿಸಿ ಅಂತಲೂ ಹೇಳಿದರು. ಆ ದಿನ ಅಮ್ಮ ಎರಡು ತಿಂಗಳ ನಂತರ ನನ್ನ ಗೇಟಿನ ಒಳಗೆ ಬಂದು ಕೂತು ಕಾಫಿ ಕುಡಿದರು.

ಅಪ್ಪನಿಗೆ ದೂರು ಕೊಡಬೇಕು ಅನ್ನಿಸಿತ್ತು. ಅದೂ ನ್ಯಾಯವೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಪ್ರವೇಶಕ್ಕೆ ಡೊನೇಷನ್ ತೆಗೆದುಕೊಂಡರೆ ಅದರ 10 ಪಟ್ಟಿನವರೆಗೆ ದಂಡ. ಮಗುವನ್ನಾಗಲಿ ಅಪ್ಪ ಅಮ್ಮನನ್ನಾಗಲಿ ಪರೀಕ್ಷಿಸಿ ಆರಿಸಿದರೆ ಮೊದಲ ಸಲ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲ 50,000 ರೂಪಾಯಿವರೆಗೆ ದಂಡ. ಆದರೆ ಆ ಕಾಯ್ದೆಯಲ್ಲಿ ಮಗು ಅಂದರೆ 6ರಿಂದ 14 ವರ್ಷದವರು. ಇದೇ ಕಾರಣಕ್ಕೆ 2013ರಲ್ಲಿ ದೆಹಲಿ ಹೈಕೋರ್ಟ್, ಬಡ ಮತ್ತು ಹಿಂದುಳಿದ ಮನೆಗಳ ಮಕ್ಕಳಿಗೆ ಇಡುವ 25 ಪ್ರತಿಶತ ಮೀಸಲು ಸೀಟು ಬಿಟ್ಟು ಉಳಿದ ನರ್ಸರಿ ಪ್ರವೇಶಕ್ಕೆ ಕಾಯ್ದೆ ಅನ್ವಯಿಸುವುದಿಲ್ಲ ಅಂದಿತು. ಅಂದರೆ ಪರೀಕ್ಷೆಗೆ ಒಡ್ಡಬಾರದು ಅಂತ ಕಾನೂನು ಹೇಳುವ ವಯಸ್ಸಿಗೆ ಮುಂಚೆಯೇ, ಅದಕ್ಕಿಂತ ಚಿಕ್ಕ ಮಕ್ಕಳನ್ನು ಕುರ್ಚಿಯ ಮೇಲೆ ಕೂರಿಸುತ್ತಿದ್ದೇವೆ. ನನಗೆ ಇದು ಸರಿ ಕಾಣುವುದಿಲ್ಲ. ಮೂರು ವರ್ಷದವರಿಗೆ ಆರು ವರ್ಷದವರಿಗಿಂತ ಜಾಸ್ತಿ ರಕ್ಷಣೆ ಬೇಕು. ಸೀಟು ಕಡಿಮೆ ಇದ್ದರೆ ಎಲ್ಲರ ಎದುರು ಚೀಟಿ ಎತ್ತಲಿ. ಚೀಟಿಯಲ್ಲಿ ಹೆಸರು ಬರದಿದ್ದರೆ ಯಾವ ಅಪ್ಪನೂ ಮಗುವನ್ನು ಯಾಕೆ ಅಂತ ಕೇಳುವುದಿಲ್ಲ.

ನಾನು ಅವರಿಗೆ ಹೇಳಿದ್ದು ಇಷ್ಟೇ. ಮುಂದಿನ ಮಕ್ಕಳಿಗೋಸ್ಕರ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಬರೆಯುವುದಾದರೆ ಬರೆಯಿರಿ, ನಾನೂ ಸಹಿ ಹಾಕುತ್ತೇನೆ. ಸೀಟು ಸಿಗಲಿ ಅಂತ ಬರೆಯಬೇಡಿ, ಒತ್ತಾಯಕ್ಕೆ ಸೇರಿಸಿಕೊಂಡ ಕಡೆ ಮಗು 12 ವರ್ಷ ಇರಬೇಕಾಗುತ್ತದೆ. ಅಪ್ಪ ಪತ್ರ ಬರೆದರು. ಕೊನೆಗೆ ಕಳಿಸಲಿಲ್ಲ. ಅಣ್ಣನ ಮಗ ಅದೇ ಶಾಲೆಯಲ್ಲಿದ್ದಾನೆ ಅನ್ನುವುದು ಅವರ ಕಾರಣ. ಅದನ್ನು ನಾನು ತಪ್ಪು ಅನ್ನಲಾರೆ.

ಶಾಲೆ ಹುಡುಕಿದ್ದು

ಅಮ್ಮನಿಗೆ ಒಂದು ವರ್ಷ ಕಾದು ಅದೇ ಶಾಲೆಗೆ ಮತ್ತೆ ಅರ್ಜಿ ಹಾಕುವ ಆಸೆ ಇತ್ತು. ಅದು ಕೆಟ್ಟ ಯೋಚನೆಯೇನಲ್ಲ. ಬ್ಯಾಚಿನಲ್ಲಿ ಚಿಕ್ಕವರಾದ ಎಷ್ಟೋ ಮಕ್ಕಳಿಗೆ ಆ ಒಂದು ವರ್ಷ ಒಳ್ಳೆಯದೇ ಮಾಡಿದ್ದನ್ನು ನೋಡಿದ್ದೇನೆ. ಆದರೆ ಪುಟ್ಟಿಯ ವಿಷಯದಲ್ಲಿ ನಾನು ಬೇಡ ಅಂದೆ. ಕಾಯುವುದು ಮಗುವಿಗೋಸ್ಕರವಾಗಿದ್ದರೆ ಸರಿ. ಇಲ್ಲಿ ಇಡೀ ವರ್ಷ ಮತ್ತೊಂದು ಡಿಸೆಂಬರಿನ ತಯಾರಿಯಾಗಿ ಹೋಗುತ್ತಿತ್ತು. ಎರಡು ದಿನ ವಾದ ನಡೆಯಿತು. ಕೊನೆಗೆ ಅಜ್ಜಿ, "ನಡೆದುಕೊಂಡು ಹೋಗೋ ದೂರದಲ್ಲಿ ಯಾವ ಶಾಲೆ ಇದೆ, ಅದನ್ನ ಮೊದಲು ನೋಡಿ" ಅಂದರು. ಆ ತನಕ ಯಾರೂ ಹತ್ತಿರದ ಶಾಲೆಗಳ ಪಟ್ಟಿಯನ್ನೇ ಮಾಡಿರಲಿಲ್ಲ.

ನಾಲ್ಕು ಶಾಲೆ ನೋಡಿದರು, ಮಗುವನ್ನು ಕರೆದುಕೊಂಡು ಹೋಗದೆ. ಬೆಳಿಗ್ಗೆ ಆಫೀಸಿನಲ್ಲಿ ಮಾತಾಡುವುದಕ್ಕಿಂತ ಮಧ್ಯಾಹ್ನ ಎಲ್‌ಕೆಜಿ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಲ್ಲಿ ಅಂದಿದ್ದೆ. ಮಕ್ಕಳು ಹೇಗೆ ಹೊರಗೆ ಬರುತ್ತಾರೆ, ಆಯಾ ಅವರನ್ನು ಏನಂತ ಕರೆಯುತ್ತಾಳೆ, ಅಳುವ ಮಗುವಿನ ಹತ್ತಿರ ಮಿಸ್ ಕೂರುತ್ತಾರಾ ನಿಂತೇ ಮಾತಾಡುತ್ತಾರಾ. ಮಕ್ಕಳ ಟಾಯ್ಲೆಟ್ ತೋರಿಸಿ ಅಂತ ಕೇಳಿ ಅಂದೆ. ಒಂದು ಶಾಲೆ ಅದನ್ನು ತೋರಿಸಲಿಲ್ಲ. ಇನ್ನೊಂದರಲ್ಲಿ ಎಲ್‌ಕೆಜಿಗೇ ದಿನಕ್ಕೆ ನಾಲ್ಕು ಪುಟ ಕಾಪಿ ರೈಟಿಂಗ್. ಎಲ್ಲ ಕಡೆ ಅಪ್ಪ ಒಂದು ಪ್ರಶ್ನೆ ಕೇಳಿದರು: "ಮಗು ಕನ್ನಡದಲ್ಲಿ ಉತ್ತರ ಹೇಳಿದರೆ ನೀವು ಏನು ಮಾಡ್ತೀರಿ?" ಮನೆಯಿಂದ ಹನ್ನೆರಡು ನಿಮಿಷ ನಡಿಗೆಯ ಒಂದು ಚಿಕ್ಕ ಶಾಲೆಯ ಹೆಡ್ ಮಿಸ್, "ಸರಿ ಅಂತೀವಿ. ಆಮೇಲೆ ಇಂಗ್ಲಿಷ್ ಹೆಸರು ಹೇಳಿಕೊಡ್ತೀವಿ. ಅದಕ್ಕೇ ತಾನೆ ಸ್ಕೂಲಿಗೆ ಬರೋದು?" ಅಂದರು. ಅಲ್ಲಿಗೆ ಹುಡುಕಾಟ ಮುಗಿಯಿತು.

ಜೂನ್‌ನಲ್ಲಿ ಸೇರಿದಳು. ಮೊದಲ ಒಂಬತ್ತು ದಿನ ಅತ್ತಳು. ಸುಮಾರು ಐದು ವಾರ ತರಗತಿಯಲ್ಲಿ ಮಾತಾಡಲಿಲ್ಲ, ಊಟದ ಡಬ್ಬಿ ಮಾತ್ರ ಖಾಲಿ ಮಾಡಿಕೊಂಡು ಬರುತ್ತಿದ್ದಳು. ಈ ಸಲ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ನನ್ನಲ್ಲೂ ಮೂರು ವಾರ ಹೀಗೇ ಇದ್ದಳು ಅಂತ ಮೊದಲೇ ಹೆಡ್ ಮಿಸ್‌ಗೆ ತಿಳಿಸಿದ್ದೆ. ಜುಲೈನಲ್ಲಿ ಪಕ್ಕದ ಹುಡುಗನ ಪೆನ್ಸಿಲ್ ವಿಷಯಕ್ಕೆ ಜಗಳವಾಡಿ ಬಾಯಿ ಬಿಟ್ಟಳು.

ಆಗಸ್ಟಿನ ಫೋನು

ನಿಜವಾದ ಪರೀಕ್ಷೆ ಬಂದದ್ದು ಆಗಸ್ಟ್‌ನಲ್ಲಿ. ಮೊದಲ ಶಾಲೆಯಿಂದ ಫೋನ್. ಒಂದು ಕುಟುಂಬಕ್ಕೆ ವರ್ಗವಾಗಿ ಸೀಟು ಖಾಲಿಯಾಗಿದೆ, ಮೂರು ದಿನದಲ್ಲಿ ಫೀಸು ಕಟ್ಟಿದರೆ ಸೇರಿಸಿಕೊಳ್ಳುತ್ತೇವೆ ಅಂದರು. ದೊಡ್ಡಪ್ಪನ ಮನೆಯಲ್ಲಿ ಎಲ್ಲರಿಗೂ ಖುಷಿ. ಅಮ್ಮ ಆ ರಾತ್ರಿ ನನಗೆ ಫೋನ್ ಮಾಡಿ, "ಮಿಸ್, ಬೇಡ ಅನ್ನೋಕೆ ಧೈರ್ಯ ಬರ್ತಿಲ್ಲ" ಅಂದರು.

ನಾನು ತೀರ್ಮಾನ ಹೇಳಲಿಲ್ಲ. ಹೋಗಿ ಅಂದಿದ್ದರೂ ತಪ್ಪಾಗುತ್ತಿರಲಿಲ್ಲ. ಒಳ್ಳೆಯ ಪ್ರಯೋಗಾಲಯ, ದೊಡ್ಡ ಮೈದಾನ, 10ನೇ ತರಗತಿವರೆಗಿನ ನಿಶ್ಚಿಂತೆ, ಇವೆಲ್ಲ ಸುಳ್ಳಲ್ಲ. ಫೆಬ್ರವರಿಯಲ್ಲಿ ಈ ಫೋನ್ ಬಂದಿದ್ದರೆ ಎರಡನೇ ಯೋಚನೆ ಇಲ್ಲದೆ ಓಡುತ್ತಿದ್ದರು. ಈಗ ಅವರ ಎದುರು ಇನ್ನೊಂದು ಸಂಗತಿ ಇತ್ತು. ಪೆನ್ಸಿಲ್ ಜಗಳದ ಹುಡುಗ ಈಗ ಪುಟ್ಟಿಯ ಗೆಳೆಯ. ಬೆಳಿಗ್ಗೆ ಶೂಗಳನ್ನು ತಾನೇ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅದನ್ನು ಕಿತ್ತು ಮತ್ತೆ ಮೊದಲಿಂದ ನೆಡಬೇಕಾ ಅನ್ನುವುದು ಪ್ರಶ್ನೆ. ಎರಡನೇ ದಿನ ಅಪ್ಪ ಫೋನ್ ಮಾಡಿ ನಯವಾಗಿ ಬೇಡ ಅಂದರು.

ಅಣ್ಣ ತಮ್ಮಂದಿರ ನಡುವೆ ಇದರಿಂದ ಸ್ವಲ್ಪ ಮುನಿಸು ಬಂತು. ಅದು ಇನ್ನೂ ಪೂರ್ತಿ ಹೋಗಿಲ್ಲ. ಅಮ್ಮ ಈಗಲೂ ಆ ಶಾಲೆಯ ಮುಂದಿನ ರಸ್ತೆ ಬಿಟ್ಟು ಹಿಂದಿನ ರಸ್ತೆಯಲ್ಲಿ ಕಾಲೇಜಿಗೆ ಹೋಗುತ್ತಾರೆ. ಮಗು ಮೂರು ತಿಂಗಳಲ್ಲಿ ದಾಟಿದ್ದನ್ನು ದಾಟಲು ದೊಡ್ಡವರಿಗೆ ಎರಡು ವರ್ಷವಾದರೂ ಆಗಿಲ್ಲ. ಅವರ ನೋವಿಗೂ ಆಗಲೇ ಒಂದು ಜಾಗ ಕೊಡಬೇಕಿತ್ತು ಅಂತ ನನಗೆ ಅನ್ನಿಸುತ್ತದೆ. ಮಗುವಿನ ಕಡೆ ಗಮನ ಕೊಡುತ್ತ ಅಮ್ಮನ ಜೊತೆ ಬೇರೆಯಾಗಿ ಕೂತು ಮಾತಾಡಿದ್ದು ಕಡಿಮೆಯಾಯಿತು. ಯಾವ ಅಮ್ಮ ಗೇಟಿನ ಹೊರಗೆ ನಿಂತರೂ ಈಗ ನಾನೇ ಹೊರಗೆ ಹೋಗುತ್ತೇನೆ.

ಆ ಹಾಳೆ ಕೊಡುವುದನ್ನು ನಿಲ್ಲಿಸಿದ್ದೇನೆ. ಬದಲಿಗೆ ಅಕ್ಟೋಬರಿನಲ್ಲೇ ಅಪ್ಪ ಅಮ್ಮಂದಿರನ್ನು ಕೂರಿಸಿ ಮೂರು ವಿಷಯ ಮಾತಾಡುತ್ತೇನೆ: ಬ್ಯಾಚಿನಲ್ಲಿ ನಿಮ್ಮ ಮಗುವಿನ ವಯಸ್ಸು ಎಲ್ಲಿದೆ, ಸೀಟು ಸಿಗದಿದ್ದರೆ ಆ ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಏನು ಮಾತಾಡುತ್ತೀರಿ, ನಡೆದು ಹೋಗುವ ದೂರದಲ್ಲಿ ಯಾವ ಶಾಲೆಗಳಿವೆ. ಎರಡನೆಯದನ್ನು ಕೇಳಿದಾಗ ಕೋಣೆ ಸುಮ್ಮನಾಗುತ್ತದೆ. ಕೆಲವರು ಮನೆಗೆ ಹೋಗಿ ಗಂಡ ಹೆಂಡತಿ ಕೂತು ನಿಜಕ್ಕೂ ಯೋಚಿಸಿಕೊಂಡು ಬರುತ್ತಾರೆ.

ಪುಟ್ಟಿ ಈಗ ಯುಕೆಜಿ ಮುಗಿಸುತ್ತಿದ್ದಾಳೆ. 1ನೇ ತರಗತಿಗೆ 6 ವರ್ಷ ತುಂಬಿರಬೇಕು ಅನ್ನುವ ನಿಯಮವನ್ನು ಸರ್ಕಾರ 2025-26ಕ್ಕೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಿದಾಗ ಎಷ್ಟೋ ಮನೆಗಳಲ್ಲಿ ಗಡಿಬಿಡಿಯಾಯಿತು. ಇವರಿಗೆ ಆ ಚಿಂತೆ ಇರಲಿಲ್ಲ. 2026ರ ಜೂನ್ 1ಕ್ಕೆ ಅವಳಿಗೆ ಸರಿಯಾಗಿ 6 ತುಂಬಿರುತ್ತದೆ. ಈ ಶಾಲೆ ಇರುವುದು 5ನೇ ತರಗತಿವರೆಗೆ ಮಾತ್ರ. ಆಮೇಲೆ ಎಲ್ಲಿಗೆ ಅನ್ನುವ ಮಾತು ಮನೆಯಲ್ಲಿ ಆಗಲೇ ಶುರುವಾಗಿದೆ. ಅಮ್ಮನಿಗೆ ಈಗಲೇ ಬದಲಿಸುವ ಮನಸ್ಸು, ಅಪ್ಪನಿಗೆ ಇನ್ನೂ ಐದು ವರ್ಷ ಇಲ್ಲೇ ಇರಲಿ ಅಂತ. ಹೋದ ವಾರ ಇಬ್ಬರೂ ನನ್ನ ಹತ್ತಿರ ಬಂದಿದ್ದರು. ಏನೂ ತೀರ್ಮಾನವಾಗಲಿಲ್ಲ. ಆದರೆ ಬಂದದ್ದು ಇಬ್ಬರೇ. ಪುಟ್ಟಿಯನ್ನು ಅಜ್ಜಿಯ ಜೊತೆ ಅವರೆಕಾಳು ಹಿಸುಕಲು ಬಿಟ್ಟು ಬಂದಿದ್ದರು.